ಎಂಬತ್ತು ಸಾವಿರ ಜನ ನೋಡಿದ ಫೋಟೋ

ಗ್ರೀಸಿನ ವೋಲೋಸ್ ಪಟ್ಟಣದ ನಮ್ಮ ಬೀದಿಯ ಎವಾಂಥಿಯಾ ಜಾಹೀರಾತು ಕಂಪನಿಯಲ್ಲಿದ್ದಾಳೆ. ಸೋಶಿಯಲ್ ಮೀಡಿಯಾದಲ್ಲಿ ಹಾಕಿದ ಪೋಸ್ಟನ್ನು ನಿಜಕ್ಕೂ ಎಷ್ಟು ಜನ ನೋಡಿದರು, ಎಲ್ಲಿಯವರು ನೋಡಿದರು ಎಂದು ಹೇಳುವುದೇ ಅವಳ ಕೆಲಸ. ಅವಳ ಅಪ್ಪ ಥ್ರಾಸಿವೂಲೋಸ್‌ಗೆ ಮರೆವಿನ ಕಾಯಿಲೆ. ಜುಲೈನ ಉರಿಬಿಸಿಲಲ್ಲಿ ನೀಲಿ ಅಂಗಿ ತೊಟ್ಟು ಬ್ರೆಡ್ ತರಲೆಂದು ಹೊರಟವರು ಮನೆಗೆ ಬರಲಿಲ್ಲ.

ತಮ್ಮ ಸ್ಟಾಥಿಸ್ ಕೂಡಲೇ ಅಪ್ಪನ ಫೋಟೋ ಹಾಕಿದ. ಮರುದಿನ ಬೆಳಿಗ್ಗೆ ನೋಡಿದರೆ ಅದು ಎಂಬತ್ತು ಸಾವಿರ ಜನರಿಗೆ ತಲುಪಿತ್ತು. ಇನ್ನೇನು ಸುಳಿವು ಸಿಕ್ಕೇಬಿಡುತ್ತದೆ ಎನ್ನುತ್ತ ಅವನು ಫೋನ್ ಹಿಡಿದು ಸೋಫಾದಲ್ಲಿ ಕೂತ. ಎವಾಂಥಿಯಾಳಿಗೆ ಕೂರಲಾಗಲಿಲ್ಲ. ಬಾಲ್ಕನಿಗೆ ಹೋದಳು, ಅಡುಗೆಮನೆಗೆ ಬಂದಳು, ಕಾಫಿ ಮಾಡಿ ಕುಡಿಯದೆ ಬಿಟ್ಟಳು. ಅಂಥದೇ ಮುದುಕರೊಬ್ಬರು ಪಕ್ಕದ ಅಲ್ಮಿರೋಸ್ ಊರಿನ ದಾರಿಯಲ್ಲಿ ಇಳಿದರೆಂದು ಬಸ್ ಚಾಲಕನೊಬ್ಬ ಪೊಲೀಸರಿಗೆ ಹೇಳಿದ್ದ. ಪೊಲೀಸರು ಹೆದ್ದಾರಿಯಲ್ಲಿ ಹುಡುಕುತ್ತಿದ್ದರು.

ಕೊನೆಗೆ ಅವಳು ತಮ್ಮನ ಫೋನ್ ಕಿತ್ತುಕೊಂಡು ಆ ಎಂಬತ್ತು ಸಾವಿರವನ್ನು ಬಿಡಿಸಿ ನೋಡಿದಳು. ಮುಕ್ಕಾಲು ಪಾಲು ಅಥೆನ್ಸ್, ಸ್ಟಟ್‌ಗಾರ್ಟ್, ಮೆಲ್ಬರ್ನ್‌ನವರು. ಹೆಚ್ಚಿನವರು ಓದುವ ಮೊದಲೇ ಮುಂದೆ ಸರಿಸಿದ್ದರು. ಅಲ್ಮಿರೋಸ್ ಸುತ್ತಿನ ಹಳ್ಳಿಗಳಲ್ಲಿ ನೋಡಿದವರು ಒಂದು ಬಸ್ಸು ತುಂಬುವಷ್ಟೂ ಇರಲಿಲ್ಲ.

"ಇದು ದೇಶದೇಶ ಸುತ್ತಿದೆ ಕಣೋ. ಅಪ್ಪ ಇರೋ ಕಡೆ ಮಾತ್ರ ಹೋಗಿಲ್ಲ."

"ಆಫೀಸಿನ ಲೆಕ್ಕ ಇಲ್ಲಿ ತರಬೇಡ ಅಕ್ಕಾ. ಎಷ್ಟು ಜನ ಅತ್ಕೊಂಡು ಬರೆದಿದಾರೆ ನೋಡು."

"ಮೆಲ್ಬರ್ನ್‌ನಲ್ಲಿ ಅತ್ತರೆ ಅಪ್ಪನಿಗೆ ನೀರು ಕೊಡೋರು ಯಾರೋ?"

ಆ ಹಳ್ಳಿಗಳ ಮುದುಕಿಯರ ಕೈಯಲ್ಲಿ ಇಂಥ ಫೋನಿಲ್ಲ. ಅವರು ಕಿವಿಗೊಡುವುದು ಮೀನಿನ ವ್ಯಾನಿನ ಮೈಕಿಗೆ. ಬಂದರಿನಲ್ಲಿ ತನ್ನ ವ್ಯಾನಿಗೆ ಮೀನು ತುಂಬಿಸುತ್ತಿದ್ದ ಪಾಂಡೆಲಿಸ್‌ನನ್ನು ಎವಾಂಥಿಯಾ ಹಿಡಿದು, ಅಪ್ಪನ ಗುರುತನ್ನೂ ಮೈಕಿನಲ್ಲಿ ಕೂಗು ಎಂದಳು. ಹಳ್ಳಿಹಳ್ಳಿಯಲ್ಲೂ ಅದಕ್ಕಾಗಿ ನಿಲ್ಲಿಸಿಕೊಂಡು ಹೋದರೆ ಐಸ್ ಕರಗುತ್ತದೆ ಎಂದು ಅವನು ಗೊಣಗಿದ. ಅವಳು ವ್ಯಾನ್ ಹತ್ತಿ ಕೂತಳು. ದಾರಿಯುದ್ದಕ್ಕೂ ಸಾರ್ಡೀನ್ ಮೀನೆಂದು ಕೂಗುವ ನಡುನಡುವೆ ಅವನೇ ನೀಲಿ ಅಂಗಿಯ ಮುದುಕರ ಗುರುತನ್ನೂ ಕೂಗಿದ.

ಎಷ್ಟೋ ಕಡೆ ನೋಡಿಲ್ಲವೆಂದು ತಲೆಯಾಡಿಸಿದರು. ಬೆಟ್ಟದ ಬುಡದ ಊರೊಂದರಲ್ಲಿ ತಟ್ಟೆ ಹಿಡಿದು ಬಂದ ವಿಧವೆ ಮೀನನ್ನು ಮುಟ್ಟಿ ನೋಡುತ್ತ ಹೇಳಿದಳು: "ನೀಲಿ ಅಂಗಿಯವರಾ? ನಿನ್ನೆಯಿಂದ ನಮ್ಮ ಹಿತ್ತಲಲ್ಲೇ ಇದಾರಲ್ಲ. ಯಾರ ಮನೆಯವರು ಅಂದ್ರೆ ಸುಮ್ನೆ ನಗ್ತಾರೆ. ಭಾನುವಾರ ಪಾದ್ರಿ ಬರ್ತಾರೆ, ಅವರಿಗೆ ಹೇಳೋಣ ಅಂತಿದ್ದೆ."

ಅಂಜೂರದ ಮರದಡಿ ಅಪ್ಪ ಬ್ರೆಡ್ಡು, ಟೊಮ್ಯಾಟೊ ತಿನ್ನುತ್ತಿದ್ದರು. ಮಗಳನ್ನು ನೋಡಿ, ನೀನು ಮೀನಿನವನ ಹೆಂಡತಿಯಾ ಎಂದು ಕೇಳಿದರು. ಅವಳು ಹೌದೆಂದು ಅವರ ಪಕ್ಕ ನೆಲದ ಮೇಲೇ ಕೂತಳು.

ಅಪ್ಪ ಸಿಕ್ಕರೆಂದು ಸ್ಟಾಥಿಸ್ ಹಾಕಿದ ಪೋಸ್ಟನ್ನು ಯಾರೂ ಅಷ್ಟಾಗಿ ಹಂಚಲಿಲ್ಲ. ಹಳೆಯದನ್ನು ಅಳಿಸಿದರೂ ಅದರ ನಕಲುಗಳು ಇನ್ನೂ ತಿರುಗುತ್ತಲೇ ಇವೆ. ಈಗಲೂ ಗುರುತಿಲ್ಲದವರು ಫೋನ್ ಮಾಡಿ, ಅಂಥವರನ್ನು ದೂರದ ಪಾತ್ರಾಸ್ ನಗರದಲ್ಲಿ ಕಂಡೆವು, ರೈಲಿನಲ್ಲಿ ಕಂಡೆವು ಎನ್ನುತ್ತಾರೆ. ಅಪ್ಪ ಪಕ್ಕದ ಕೋಣೆಯಲ್ಲೇ ಮಲಗಿದ್ದಾರೆಂದು ಗೊತ್ತಿದ್ದರೂ ಎವಾಂಥಿಯಾ ಪ್ರತಿ ಸಲವೂ ಎದ್ದು ಹೋಗಿ ನೋಡಿ ಬರುತ್ತಾಳೆ.