ಗುಂಯ್ ಎಂದದ್ದು ನಾನು

ನಾನು ಎರಡು ಮಾರು ಉದ್ದದ ಒಂದು ಕರಿ ವೈರು. ಟೇಪ್ ರೆಕಾರ್ಡರಿನ ಹಾಡನ್ನು ಆಂಪ್ಲಿಫೈಯರಿಗೆ ಮುಟ್ಟಿಸುವುದು ನನ್ನ ಕಸುಬು. ಹುಬ್ಬಳ್ಳಿಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಮೆಹರುನ್ನಿಸಾ ನನ್ನನ್ನು ಸುರುಳಿಯಿಂದ ಕತ್ತರಿಸಿ, ಎರಡೂ ತುದಿಗೆ ಪಿನ್ನು ಬೆಸೆದಳು. ನನ್ನೊಳಗೆ ಕೂದಲಿನಷ್ಟು ಸಣ್ಣ ತಾಮ್ರದ ಎಳೆ. ಅದರ ಸುತ್ತ ತಾಮ್ರದ ಜಾಳಿಗೆ. ಹೊರಗಿನ ಗದ್ದಲ ಒಳಗೆ ನುಗ್ಗದಂತೆ ತಡೆಯುವುದು ಆ ಜಾಳಿಗೆಯ ಕೆಲಸ.

ಮೊದಲ ಆರು ವರ್ಷ ಒಂದು ಚಹಾದಂಗಡಿಯಲ್ಲಿದ್ದೆ. ಅಲ್ಲಿ ಕಪ್ಪುಬಸಿಗಳ ಸದ್ದೇ ಹೆಚ್ಚು, ನನ್ನ ಗುಣ ಯಾರೂ ನೋಡಲಿಲ್ಲ. ಅಂಗಡಿ ಮುಚ್ಚಿದಾಗ ಟೇಪು, ಆಂಪ್ಲಿಫೈಯರು, ಸ್ಪೀಕರ್ ಪೆಟ್ಟಿಗೆಗಳ ಜೊತೆ ತಬಲಾ ಮಾಸ್ತರ್ ಚನ್ನವೀರಪ್ಪನವರ ಮನೆ ಸೇರಿದೆ.

ಅದು ಕಿವಿಯಿದ್ದ ಮನೆ. ದಿನಾ ಮುಂಜಾನೆ ಮಾಸ್ತರರು ತಮ್ಮ ಗುರುಗಳ ಕ್ಯಾಸೆಟ್ ಹಾಕಿ, ಅದರ ಜೊತೆಗೇ ನುಡಿಸುತ್ತಿದ್ದರು. ಸಂಜೆ ಶಿಷ್ಯರು ಬರುತ್ತಿದ್ದರು.

ಒಂದು ವರ್ಷ ಮನೆಗೆ ಸುಣ್ಣ ಬಣ್ಣ ಮಾಡಿಸಿದರು. ಬಣ್ಣದವನು ಟೇಪು ಇಟ್ಟಿದ್ದ ಕಪಾಟನ್ನು ಎಳೆದಾಡುವಾಗ ನನ್ನ ಪಿನ್ನಿನ ಬುಡದಲ್ಲಿ ಜಾಳಿಗೆ ಹರಿಯಿತು. ಅವನಿಗೆ ಅದು ಕಾಣಲಿಲ್ಲ. ವೈರುಗಳೆಲ್ಲ ಚೆಂದ ಕಾಣಲೆಂದು ನನ್ನನ್ನೂ ಕರೆಂಟಿನ ವೈರನ್ನೂ ಸೇರಿಸಿ ಸುತಳಿ ಹಗ್ಗದಿಂದ ಬಿಗಿದು ಹೋದ. ಕರೆಂಟಿನ ವೈರು ಕೆಟ್ಟವನಲ್ಲ. ಸೆಕೆಂಡಿಗೆ ಐವತ್ತು ಸಲ ನಡುಗುವುದು ಅವನ ಹುಟ್ಟುಗುಣ. ಆ ನಡುಕ ನನ್ನೊಳಗೆ ಇಳಿಯಿತು. ಹಾಡಿನ ಕೆಳಗೆ ಗುಂಯ್ ಎಂದು ದನಿ ಹರಿಯತೊಡಗಿತು.

ಮಾಸ್ತರರು ನುಡಿಸುತ್ತಿದ್ದವರು ಕೈ ನಿಲ್ಲಿಸಿದರು. ಕ್ಯಾಸೆಟ್ಟಿನಲ್ಲಿ ಗುರುಗಳ ಎಡಗೈಯ ಡಗ್ಗಾದ ಪೆಟ್ಟು ಅವರಿಗೆ ಕಲಸಿದ ಹಾಗೆ ಕೇಳಿತು.

"ಶಾಂತಾ, ನಿನಗೇನರ ಗುಂಯ್ ಅಂತೈತೇನ?"

"ಇಲ್ರೀ, ಎಂದಿನಂಗ ಐತಿ," ಎಂದರು ಹೆಂಡತಿ, ರೊಟ್ಟಿ ಬಡಿಯುತ್ತಲೇ.

ಮಾಸ್ತರರ ತಂದೆಗೂ ಇದೇ ವಯಸ್ಸಿನಲ್ಲಿ ಕಿವಿ ಹೋಗಿತ್ತು. ತಮಗೂ ಅದೇ ಗತಿ ಬಂತೆಂದುಕೊಂಡು ಅವರು ಮತ್ತೆ ಯಾರನ್ನೂ ಕೇಳಲಿಲ್ಲ. ಮೊಣಕೈ ನೋವೆಂದು ಹೇಳಿ ಶಿಷ್ಯರನ್ನು ಕಳಿಸಿಬಿಟ್ಟರು. ತಬಲಾ ಗವಸಿನೊಳಗೆ ಸೇರಿತು. ಆದರೂ ದಿನಕ್ಕೊಮ್ಮೆ ಟೇಪು ಹಾಕಿ, ಸ್ವಲ್ಪ ಕೇಳಿ, ಆರಿಸಿಬಿಡುತ್ತಿದ್ದರು. ತಪ್ಪು ನನ್ನದೆಂದು ಹೇಳಲು ನನಗೆ ಬಾಯಿಲ್ಲ. ನಾಲ್ಕು ತಿಂಗಳು ಹೀಗೇ ಹೋಯಿತು.

ಆಮೇಲೆ ಟೇಪಿನ ಬೆಲ್ಟು ಸಡಿಲಾಗಿ ಹಾಡು ಎಳೆದಾಡತೊಡಗಿತು. ಶಾಂತವ್ವ ಮೆಹರುನ್ನಿಸಾಳನ್ನು ಕರೆಸಿದರು. ಅವಳು ಬೆಲ್ಟು ಬದಲಿಸಿ, ಗುಂಡಿ ಒತ್ತಿ, ತಲೆ ವಾರೆ ಮಾಡಿದಳು.

"ಮಾಸ್ತರ್, ಇದೇನ್ರೀ ಇಷ್ಟ್ ಗುಂಯ್ ಅನ್ನಾಕತ್ತೈತಿ?"

ಮಾಸ್ತರರು ಕುರ್ಚಿಯಿಂದ ಅರ್ಧ ಎದ್ದರು. "ನಿನಗೂ ಕೇಳಸ್ತೈತೇನ ತಂಗೀ?"

"ಕೇಳಸ್ದ ಏನ್ರೀ! ಒಲಿ ಮುಂದ ಕುಂತವರಿಗೆ ಗೊತ್ತಾಗಿರಾಕಿಲ್ಲ. ನಿಮ್ಮಂಥಾ ಕಿವಿ ಇದ್ದವ್ರು ಹ್ಯಾಂಗ್ ತಡ್ಕೊಂಡ್ರಿ?"

ಮಾಸ್ತರರು ಮತ್ತೆ ಕುಳಿತು ಮುಖಕ್ಕೆ ಹೆಗಲ ಟವೆಲ್ಲು ಒತ್ತಿಕೊಂಡರು. ಶಾಂತವ್ವನಿಗೆ ಆಗ ಎಲ್ಲ ತಿಳಿಯಿತು. "ಒಂದ್ ಮಾತು ಹೇಳಬಾರದಾಗಿತ್ತಾ ನನಗ?" ಎಂದು ಗದರಿಸಿದರು. ಗದರಿಸುತ್ತಲೇ ಅವರ ಪಕ್ಕ ಕುಳಿತರು.

ಮೆಹರುನ್ನಿಸಾ ಕಪಾಟಿನ ಹಿಂದೆ ಬಗ್ಗಿ ಸುತಳಿ ಕತ್ತರಿಸಿದಳು. ಹರಿದ ಜಾಳಿಗೆಯನ್ನು ಬೆಸೆದಳು. ಕರೆಂಟಿನ ವೈರನ್ನು ಎಡಗೋಡೆಗೆ, ನನ್ನನ್ನು ಬಲಗೋಡೆಗೆ ಹಾಯಿಸಿದಳು.

"ಇವೆರಡೂ ಅಡ್ಡ ದಾಟಿದ್ರ ಚಿಂತಿಲ್ಲರೀ. ಜೋಡಿ ಮಲಗಬಾರದು."

ಮತ್ತೆ ಟೇಪು ಓಡಿತು. ಡಗ್ಗಾದ ಪೆಟ್ಟು ದುಂಡಗೆ, ತೊಳೆದಿಟ್ಟ ಹಾಗೆ ಬಂತು. ಮಾಸ್ತರರ ಎಡಗೈ ತೊಡೆಯ ಮೇಲೆ ತಾನೇ ಆಡತೊಡಗಿತು. ಸಂಜೆಯೊಳಗೆ ಶಿಷ್ಯರಿಗೆಲ್ಲ ಹೇಳಿಕಳಿಸಿದರು.

ಆಮೇಲೆ ಒಂಬತ್ತು ವರ್ಷ ದುಡಿದೆ. ಈಗ ಮನೆಗೆ ವೈರೇ ಬೇಡದ ಹೊಸ ಹಾಡಿನ ಪೆಟ್ಟಿಗೆ ಬಂದಿದೆ. ನಾನು ಕಪಾಟಿನ ಕೆಳಖಾನೆಯಲ್ಲಿ ಸುರುಳಿಯಾಗಿ ಮಲಗಿದ್ದೇನೆ. ಬೇಸರವಿಲ್ಲ. ನಾಲ್ಕು ತಿಂಗಳು ಒಬ್ಬ ಮನುಷ್ಯ ತನ್ನ ಕಿವಿಯನ್ನೇ ನಂಬದಂತೆ ಮಾಡಿದೆ, ಅದು ನಿಜ. ಆದರೆ ಆ ಒಂಬತ್ತು ವರ್ಷದಲ್ಲಿ ಅವರ ಗುರುಗಳ ಒಂದು ಪೆಟ್ಟನ್ನೂ ನಾನು ದಾರಿಯಲ್ಲಿ ಚೆಲ್ಲಲಿಲ್ಲ. ಎಂಬತ್ತು ದಾಟಿದ ಮಾಸ್ತರರು ಪಕ್ಕದ ಕೋಣೆಯಲ್ಲಿ ಶಿಷ್ಯನೊಬ್ಬನಿಗೆ, "ತಪ್ಪಿತು, ಮತ್ತ ನುಡಿಸು," ಎನ್ನುವುದು ಇಲ್ಲಿಗೂ ಕೇಳುತ್ತದೆ.