ನಲವತ್ತು ಸೆಕೆಂಡು ಅಲುಗದಿದ್ದರೆ

ಪ್ರಬಂಧ ಒಪ್ಪಿಸಲು ಶುಕ್ರವಾರ ಕಡೆಯ ದಿನ. ಎರಡು ಸಲ ಗಡುವು ಮುಂದಕ್ಕೆ ಹಾಕಿಸಿಕೊಂಡಾಗಿತ್ತು. ಮೂರನೆಯ ಸಲ ಕೇಳುವ ಹಾಗಿಲ್ಲವೆಂದು ವಿಶ್ವವಿದ್ಯಾಲಯದ ಕಚೇರಿಯವರು ಬರವಣಿಗೆಯಲ್ಲೇ ತಿಳಿಸಿದ್ದರು. ಹೀಗಾಗಿ ಭಾನುವಾರ ಬೆಳಿಗ್ಗೆ ತಾರಸಿಯ ಮೇಲೆ ಅತ್ತೆಯ ಜೊತೆ ಒಣಗಿದ ಬಟ್ಟೆ ತೆಗೆಯುವಾಗಲೂ ಅವಳ ತಲೆಯೊಳಗೆ ಓಡುತ್ತಿದ್ದದ್ದು ನಾಲ್ಕನೆಯ ಅಧ್ಯಾಯದ ಕೋಷ್ಟಕಗಳೇ. ದೊಡ್ಡ ಹೊದಿಕೆಯ ಎರಡು ತುದಿ ಅವಳ ಕೈಯಲ್ಲಿ, ಎರಡು ತುದಿ ಅತ್ತೆಯ ಕೈಯಲ್ಲಿ. ಎಳೆದು, ಒದರಿ, ಮಡಿಸಿ, ಎದುರುಬದುರು ಹತ್ತಿರ ಬಂದಾಗ ಅತ್ತೆ ಹೇಳಿದರು:

"ನಿನ್ನ ಆ ಕುರ್ಚಿ ಕುಂಟುತ್ತೆ ಕಣೇ. ಕಾಲಿನ ಕೆಳಗೆ ಒಂದು ರಟ್ಟಿನ ಚೂರು ಇಡ್ಸು."

"ಯಾವ ಕುರ್ಚಿ?"

"ಅದೇ, ನಿನ್ನ ಗೋಡೆ ಕೋಣೇದು."

ಅವಳು ಹೊದಿಕೆ ಹಿಡಿದೇ ನಿಂತಳು. ಅವಳ ಕಲಾಕೃತಿಯಿದ್ದ ಗೋಡೆ ಕೋಣೆಗೆ, ಅವಳಿಗೆ ಗೊತ್ತಿದ್ದಂತೆ, ಅತ್ತೆ ಬಂದದ್ದು ಒಂದೇ ಸಲ, ಪ್ರದರ್ಶನ ಶುರುವಾದ ದಿನ. ಮನೆಯವರೊಂದಿಗೆ ಐದು ನಿಮಿಷ ನಿಂತು, "ಚೆನ್ನಾಗಿದೆ" ಅಂದು, ಬಾತ್‌ರೂಮು ಎಲ್ಲಿ ಎಂದು ಕೇಳಿ ಹೊರಟಿದ್ದರು. ಆಗ ಆ ಕೋಣೆಯಲ್ಲಿ ಕುರ್ಚಿಯೇ ಇರಲಿಲ್ಲ. ವಾರದ ನಂತರ, ಲ್ಯಾಬಿನವರೆಲ್ಲ ತಂತಿಯಣ್ಣ ಎಂದು ಕರೆಯುತ್ತಿದ್ದ ತಂತ್ರಜ್ಞ ಪ್ರೊಜೆಕ್ಟರ್ ಸರಿಮಾಡಲು ಏಣಿಯ ಬದಲು ಒಂದು ಮರದ ಕುರ್ಚಿ ತಂದವನು ಅದನ್ನು ಅಲ್ಲೇ ಬಿಟ್ಟಿದ್ದ.

"ಅದು ಕುಂಟೋದು ನಿಮಗೆ ಹೇಗೆ ಗೊತ್ತು?"

"ಕೂತ್ರೆ ಗೊತ್ತಾಗಲ್ವಾ?" ಅತ್ತೆ ಹೊದಿಕೆಯನ್ನು ಅವಳ ಕೈಯಿಂದ ಕಿತ್ತುಕೊಂಡು ತಾವೇ ಮಡಿಸಿದರು. "ಮೇಲಿನ ಮನೆಯವರು ಮಧ್ಯಾಹ್ನ ಆದ್ರೆ ಸಾಕು, ಗೋಡೆ ಕೊರೆಯೋಕೆ ಶುರು ಹಚ್ಕೋತಾರೆ. ತಲೆ ಒಳಗೇ ಕೊರೆದ ಹಾಗಿರುತ್ತೆ. ನಿನ್ನ ಕೋಣೆ ಬಸ್ಸಿಳಿದ್ರೆ ಎರಡು ಹೆಜ್ಜೆ. ತಣ್ಣಗಿರುತ್ತೆ, ಯಾರೂ ಇರಲ್ಲ. ಹೋಗಿ ಕೂರ್ತೀನಿ. ಅದ್ಯಾಕೆ ಹಾಗೆ ನೋಡ್ತೀಯಾ? ಟಿಕೆಟ್ ಏನಾದ್ರೂ ತಗೋಬೇಕಿತ್ತಾ?"

"ಎಷ್ಟು ದಿನ ಹೋಗಿದ್ದೀರಿ?"

"ದಿನಾ ಅಂತಿಟ್ಕೋ. ಭಾನುವಾರ ಬಿಟ್ಟು."

ಅವಳಿಗೆ ಮೊದಲು ಬಂದದ್ದು ಸಂತೋಷವಲ್ಲ, ಗಾಬರಿ. ದಿನಾ ಬಂದವರು ದಾಖಲೆಯಲ್ಲಿ ಇರಲೇ ಇಲ್ಲ.

ಅವಳ ಸಂಶೋಧನೆ ಓದಿ ಬರೆಯುವ ಬಗೆಯದಲ್ಲ, ಮಾಡಿ ಬರೆಯುವ ಬಗೆಯದು. ಒಂದು ಕಲಾಕೃತಿಯನ್ನು ಕಟ್ಟಬೇಕು, ಜನರ ಮುಂದಿಡಬೇಕು, ಏನಾಯಿತೆಂದು ನೋಡಬೇಕು, ಮತ್ತೆ ಕಟ್ಟಬೇಕು; ಪ್ರತಿದಿನ ಮಾಡಿದ್ದು, ಕೆಡಿಸಿದ್ದು ಎಲ್ಲವನ್ನೂ ಕೆಲಸದ ದಿನಚರಿಯಲ್ಲಿ ಬರೆದಿಟ್ಟು ಅದನ್ನೂ ಪ್ರಬಂಧದ ಜೊತೆಗೆ ಒಪ್ಪಿಸಬೇಕು. ನೌಕರಿಯ ಮಧ್ಯೆ ಬಿಡುವು ಹಿಂಡಿಕೊಂಡು ಏಳು ವರ್ಷ ಅವಳು ಕಟ್ಟಿದ್ದು ಒಂದು ಗೋಡೆ. ಹಳೆಯ ಗ್ರಂಥಾಲಯದ ನೆಲಮಾಳಿಗೆಯಲ್ಲಿ, ಆರು ಮೀಟರ್ ಉದ್ದದ ಬಿಳಿ ಗೋಡೆಯ ಮೇಲೆ ಸಾಸಿವೆ ಕಾಳಿನಷ್ಟು ಬೆಳಕಿನ ಚುಕ್ಕಿಗಳು ಬೀಳುತ್ತಿದ್ದವು. ಯಾರಾದರೂ ಒಳಗೆ ಬಂದರೆ ಮೂಲೆಯ ಕ್ಯಾಮೆರಾ ಅವರ ಆಕಾರವನ್ನು ಹಿಡಿಯುತ್ತಿತ್ತು. ಮುಖ ದಾಖಲಾಗುವುದಿಲ್ಲ, ಆಕಾರ ಮಾತ್ರ ಎಂದು ಬಾಗಿಲಲ್ಲೇ ಬರೆದು ಹಾಕಿತ್ತು. ಬೀಳುವ ಕಾಳುಗಳು ಆ ಆಕಾರದ ಹೆಗಲಿಗೆ, ತೋಳಿಗೆ ಅಂಟಿಕೊಂಡು ಗೋಡೆಯ ಮೇಲೆ ಬೆಳಕಿನ ಮನುಷ್ಯ ಏಳುತ್ತಿದ್ದ. ಕೈ ಬೀಸಿದರೆ ಕಾಳು ಚೆಲ್ಲುತ್ತಿತ್ತು. ಜನ ಕೈ ಬೀಸುತ್ತಿದ್ದರು, ಕುಣಿಯುತ್ತಿದ್ದರು, ಫೋಟೋ ತೆಗೆದುಕೊಂಡು ಹೋಗುತ್ತಿದ್ದರು.

ನಲವತ್ತೊಂದು ದಿನದಲ್ಲಿ ಬಂದವರು ಆರುನೂರ ಹನ್ನೆರಡು ಜನ. ಒಬ್ಬೊಬ್ಬರು ಸರಾಸರಿ ಇದ್ದದ್ದು ಮೂರು ನಿಮಿಷ ನಲವತ್ತು ಸೆಕೆಂಡು. ಹೆಚ್ಚು ಚಲಿಸಿದವರೇ ಹೆಚ್ಚು ಹೊತ್ತು ಉಳಿದರು. ಇದರ ಮೇಲೆ ಅವಳು ಪ್ರಬಂಧದ ಮುಖ್ಯ ವಾದವನ್ನು ಕಟ್ಟಿದ್ದಳು: ಇಂಥ ಕೃತಿಯಲ್ಲಿ ಚಲನೆಯೇ ಪಾಲ್ಗೊಳ್ಳುವಿಕೆ. ಮಧ್ಯಾಹ್ನ ಎರಡರಿಂದ ಮೂರರವರೆಗೆ ಯಾರೂ ಬಂದಿಲ್ಲ. ಆ ಹೊತ್ತಿನ ಎದುರು ಯಂತ್ರ ಪ್ರತಿದಿನ ಒಂದೇ ಪದ ಬರೆದಿತ್ತು: ಖಾಲಿ.

ಸೋಮವಾರ ಲ್ಯಾಬಿಗೆ ಹೋದವಳೇ, "ಖಾಲಿ ಅಂತ ತೆಗೆದುಹಾಕಿದ ರೆಕಾರ್ಡಿಂಗ್ ಎಲ್ಲ ಅಳಿಸಿಬಿಟ್ಯಾ?" ಎಂದು ತಂತಿಯಣ್ಣನನ್ನು ಕೇಳಿದಳು.

ಐವತ್ತರ ತಂತಿಯಣ್ಣ ಹರಿದ ಕೇಬಲ್ಲನ್ನೂ ಸುತ್ತಿ ಡಬ್ಬಿಗೆ ಹಾಕಿಡುವ ಜಾತಿ. "ನಾನು ಅಳಿಸೋನಾ? ಮದುವೆ ಕಾಗದ ಕಳೆದುಹೋದ್ರೂ ಹೋಗ್ಬಹುದು, ನನ್ನ ಡಿಸ್ಕಿಂದ ಒಂದು ಫೈಲು ಹೋಗಲ್ಲ."

ಇಬ್ಬರೂ ಕೂತು ತೆರೆದರು. ಮೂರನೆಯ ಬುಧವಾರ, ಎರಡು ಗಂಟೆ ಆರು ನಿಮಿಷ. ಬೂದು ಬಣ್ಣದ ಕೋಣೆಗೆ ಬೂದು ಬಣ್ಣದ ಆಕಾರವೊಂದು ಬಂತು. ಕುರ್ಚಿಯನ್ನು ಒಮ್ಮೆ ಅಲುಗಿಸಿ ನೋಡಿ ಕೂತಿತು. ಚೀಲ ತೊಡೆಯ ಮೇಲೆ, ಬಲಗಾಲು ಎಡಗಾಲಿನ ಹಿಂದೆ. ಹಾಗೆ ಕೂರುವವರು ಲೋಕದಲ್ಲಿ ಎಷ್ಟು ಜನರಿದ್ದಾರೋ, ಅವಳ ಮನೆಯಲ್ಲಿ ಒಬ್ಬರಿದ್ದರು. ಕಾಳುಗಳು ಅತ್ತೆಯ ಹೆಗಲ ಮೇಲೆ ಕೂಡಿದವು. ನಲವತ್ತು ಸೆಕೆಂಡು ಕಳೆಯಿತು. ಆಮೇಲೆ ಕಾಳುಗಳೆಲ್ಲ ಒಂದೊಂದಾಗಿ ಜಾರಿ ನೆಲ ಸೇರಿದವು. ಪರದೆಯ ಮೂಲೆಯಲ್ಲಿ 'ಖಾಲಿ' ಎಂದು ಮೂಡಿತು. ಅತ್ತೆ ಮಾತ್ರ ಕೂತೇ ಇದ್ದರು, ಇನ್ನೂ ನಲವತ್ತೊಂದು ನಿಮಿಷ.

"ಛತ್ರಿ!" ಎಂದ ತಂತಿಯಣ್ಣ, ತೊಡೆ ತಟ್ಟಿಕೊಂಡು.

ಅವಳಿಗೂ ಅದೇ ನೆನಪಾಗಿತ್ತು. ಎರಡು ವರ್ಷದ ಹಿಂದೆ ಯಾರೋ ಕೋಣೆಯಲ್ಲಿ ಮರೆತುಹೋದ ಬಿಚ್ಚಿದ ಛತ್ರಿಯನ್ನು ಯಂತ್ರ ಮನುಷ್ಯನೆಂದು ತಿಳಿದು, ಎರಡು ಗಂಟೆ ಹೊತ್ತು ಅದಕ್ಕೆ ಬೆಳಕಿನ ಅಲಂಕಾರ ಮಾಡಿತ್ತು. ಲ್ಯಾಬಿನವರೆಲ್ಲ ನಕ್ಕಿದ್ದರು. ಅವಳು ಆ ಸಂಜೆಯೇ ಒಂದು ನಿಯಮ ಬರೆದು ದಿನಚರಿಯಲ್ಲಿ ನಮೂದಿಸಿದ್ದಳು: 'ನಲವತ್ತು ಸೆಕೆಂಡು ಅಲುಗದ್ದು ಸಾಮಾನು. ಸಮಸ್ಯೆ ಬಗೆಹರಿಯಿತು.' ಬಗೆಹರಿದದ್ದನ್ನು ಆಮೇಲೆ ಪರೀಕ್ಷಿಸಿದ್ದೂ ನೂರಾರು ಸಲ. ಪರೀಕ್ಷಿಸುವವಳು ಪ್ರತಿಸಲವೂ ಅವಳೇ. ಕಂಪ್ಯೂಟರ್ ಬಿಟ್ಟು ಎದ್ದು ಹೋಗುವುದು, ಗೋಡೆಯ ಮುಂದೆ ಓಡಾಡುವುದು, ಕೈ ಬೀಸುವುದು, ವಾಪಸು ಬಂದು ಬರೆಯುವುದು. ಏಳು ವರ್ಷದಲ್ಲಿ ಒಂದು ಸಲವೂ ಅವಳು ಆ ಗೋಡೆಯ ಮುಂದೆ ಕೂತಿರಲಿಲ್ಲ.

ಉಳಿದ 'ಖಾಲಿ'ಗಳನ್ನೂ ಓಡಿಸಿ ನೋಡುವುದಕ್ಕೆ ಸಂಜೆಯಾಯಿತು. ಅತ್ತೆ ಇಪ್ಪತ್ತಾರು ದಿನ ಬಂದಿದ್ದರು. ಒಟ್ಟು ಹದಿನೆಂಟು ಗಂಟೆ. ಅವರಲ್ಲದೆ ಇನ್ನೂ ಹನ್ನೊಂದು ಜನ ಸಿಕ್ಕಿದರು. ಒಬ್ಬರು ಗೋಡೆಗೆ ಒರಗಿ ನಿಂತಿದ್ದವರು, ಇಬ್ಬರು ನೆಲದ ಮೇಲೆ ಅಕ್ಕಪಕ್ಕ ಕೂತಿದ್ದವರು, ಒಬ್ಬರು ನಿದ್ದೆ ಹೋಗಿದ್ದವರು. ಎಲ್ಲರೂ ಸಾಮಾನು.

ಮಾರ್ಗದರ್ಶಕಿ ವಿಷಯ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಆರುನೂರ ಹನ್ನೆರಡರ ಎದುರಿಗೆ ಹನ್ನೆರಡು ಜನ. ಅದ್ರಲ್ಲಿ ಒಬ್ರು ನಿಮ್ಮತ್ತೆ. ಒಂದು ಅಡಿಟಿಪ್ಪಣಿ ಹಾಕಿ ಮುಗಿಸಮ್ಮ ತಾಯಿ."

"ಆ ಆರುನೂರ ಹನ್ನೆರಡೂ ಜನ ಸೇರಿ ಇದ್ದದ್ದು ಮೂವತ್ತೇಳು ಗಂಟೆ ಮೇಡಂ. ಅತ್ತೆ ಒಬ್ರೇ ಅದರ ಅರ್ಧ ಇದ್ದಾರೆ. ಚಲನೆಯೇ ಪಾಲ್ಗೊಳ್ಳುವಿಕೆ ಅಂತ ನಾನು ಬರೆದಿರೋದು, ಚಲಿಸದವರನ್ನೆಲ್ಲ ಮೊದಲೇ ಹೊರಗೆ ಹಾಕಿ ಆಮೇಲೆ ಎಣಿಸಿದ್ದಕ್ಕೆ ಬಂದಿರೋ ಉತ್ತರ."

"ಅದು ನನಗೂ ಅರ್ಥ ಆಗುತ್ತೆ. ಶುಕ್ರವಾರ ಅನ್ನೋದು ನಿನಗೆ ಅರ್ಥ ಆಗ್ತಿದೆಯಾ? ನಾಲ್ಕನೇ ಅಧ್ಯಾಯ ತೆಗೆದ್ರೆ ಪ್ರಬಂಧ ಕುಸಿಯುತ್ತೆ. ಇದ್ದ ಹಾಗೆ ಬಿಟ್ರೆ ಯಾವ ಪರೀಕ್ಷಕರಿಗೂ ಗೊತ್ತಾಗಲ್ಲ."

ಮಾತು ನಿಜ. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಸ್ಸಿನಲ್ಲಿ ಮನೆಗೆ ಬರುವಾಗ ಆ ಅಡಿಟಿಪ್ಪಣಿಯ ವಾಕ್ಯವನ್ನು ಅವಳು ಮನಸ್ಸಿನಲ್ಲೇ ನಾಲ್ಕು ಬಗೆಯಲ್ಲಿ ಬರೆದು ನೋಡಿದಳು. ನಾಲ್ಕೂ ಚೆನ್ನಾಗಿದ್ದವು. ಅದೇ ಅವಳಿಗೆ ಸರಿಬರಲಿಲ್ಲ.

ಅಡುಗೆಮನೆಯಲ್ಲಿ ಅತ್ತೆ ಚಹಾ ಸೋಸುತ್ತಿದ್ದರು. ಅವಳು ಛತ್ರಿಯ ಕಥೆ ಹೇಳಿದಳು.

"ಅಂದ್ರೆ ನಾನು ನಿನ್ನ ಯಂತ್ರದ ಪ್ರಕಾರ ಛತ್ರಿ."

"ಸಾಮಾನು, ಅತ್ತೆ. ಛತ್ರಿ ಅಂತೇನೂ ಬರೆದಿಲ್ಲ."

"ದೊಡ್ಡ ಉಪಕಾರ ಆಯ್ತು." ಅತ್ತೆ ಲೋಟವನ್ನು ಅವಳ ಮುಂದೆ ಕುಕ್ಕಿದರು. "ನನಗೆ ಗೊತ್ತಿತ್ತು ಅದು ನನ್ನನ್ನ ಬಿಟ್ಟುಬಿಡುತ್ತೆ ಅಂತ. ಕೂತು ಹತ್ತು ಹನ್ನೊಂದು ಉಸಿರು ಬಿಡೋದ್ರೊಳಗೆ ಕಾಳೆಲ್ಲ ಜಾರೋಕೆ ಶುರು. ಒಂದೊಂದು ಸಲ ಬೇಕಂತಲೇ ಕಿರುಬೆರಳು ಎತ್ತಿದ್ರೆ ಓಡೋಡಿ ಬಂದು ಅಂಟ್ಕೊಳ್ಳೋದು. ಮತ್ತೆ ಸುಮ್ನಾದ್ರೆ ಮತ್ತೆ ಹೋಗೋದು. ನಾನೇನೋ ನೀನು ಬೇಕು ಅಂತಲೇ ಹಾಗೆ ಮಾಡಿದ್ದೀಯಾ ಅಂದ್ಕೊಂಡಿದ್ದೆ. ಮನುಷ್ಯರೂ ಹಾಗೇ ತಾನೇ?"

"ಸುಮ್ನೆ ಕೂತು ಏನು ನೋಡ್ತಿದ್ರಿ?"

"ಸುಮ್ನೆ ಅಂದ್ರೆ ಸುಮ್ನೆ. ಅದಕ್ಕೊಂದು ಏನು ಬೇರೆ." ಅತ್ತೆ ತಮ್ಮ ಲೋಟ ಹಿಡಿದು ಕೂತರು. ಮೂವತ್ತೊಂದು ವರ್ಷ ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ದೂರದ ಊರುಗಳ ಕರೆಗಳನ್ನು ಬಳ್ಳಿಯಂಥ ವೈರು ಚುಚ್ಚಿ ಜೋಡಿಸುವ ಕೆಲಸ. "ನಮ್ಮಲ್ಲಿ ಲೈನು ಸುಮ್ನಾದ್ರೆ ವೈರು ಎಳೆಯೋ ಹಾಗಿರಲಿಲ್ಲ, ಗೊತ್ತಾ? ಕೀಲಿ ಒತ್ತಿ ಕೇಳ್ಬೇಕು, 'ಮಾತಾಡ್ತಿದ್ದೀರಾ?' ಅಂತ. ಉತ್ತರ ಬರದಿದ್ರೆ ಇನ್ನೊಂದು ಸಲ ಕೇಳ್ಬೇಕು. ಎರಡು ಸಲ ಕೇಳದೆ ಎಳೆದ್ರೆ ಮೇಲ್ವಿಚಾರಕಿ ಮೆಮೊ ಕೊಡ್ತಿದ್ಲು. ಒಬ್ಬ ಇದ್ದ, ವಾರಕ್ಕೊಂದು ಸಲ ಹೆಂಡ್ತಿಗೆ ಕರೆ ಹಾಕ್ಸೋನು. ಮೂರು ನಿಮಿಷದಲ್ಲಿ ಎರಡು ನಿಮಿಷ ಇಬ್ರೂ ಉಸಿರೇ ಎತ್ತಲ್ಲ. ನಾನು ಕೇಳೋದು, 'ಮಾತಾಡ್ತಿದ್ದೀರಾ?' ಅವನು, 'ಹೂಂ, ಮಾತಾಡ್ತಿದ್ದೀವಿ.'"

ಅವಳು ಚಹಾ ಅರ್ಧಕ್ಕೇ ಬಿಟ್ಟು ಎದ್ದಳು.

"ಚಹಾ ಏನು ಪಾಪ ಮಾಡ್ತು?" ಎಂದು ಅತ್ತೆ ಹಿಂದಿನಿಂದ ಕೂಗಿದರು.

ಮಂಗಳವಾರ ಅವಳು ನಿಯಮ ಬದಲಿಸಿದಳು. ನಲವತ್ತು ಸೆಕೆಂಡು ಯಾರೂ ಅಲುಗದಿದ್ದರೆ ಗೋಡೆ ಕೇಳಬೇಕು. ತಳದಲ್ಲಿ ಬಿದ್ದ ಕಾಳುಗಳ ಒಂದು ಸಾಲು ಮೆಲ್ಲಗೆ ಬೆಳಗಿ ಆರುವುದು. ಸ್ವಲ್ಪ ತಡೆದು ಇನ್ನೊಮ್ಮೆ. ಆ ಹೊತ್ತಿನಲ್ಲಿ ಮಾತ್ರ ಕ್ಯಾಮೆರಾ ಅತಿ ಸಣ್ಣ ಅಲುಗಾಟವನ್ನೂ ಉತ್ತರವೆಂದು ಎಣಿಸುವುದು. ಉತ್ತರ ಬಂದರೆ ಕಾಳುಗಳು ಜಾರದೆ ಹಾಗೇ ನಿಲ್ಲುವುದು. ಬರದಿದ್ದರೆ ಏನು ಬರೆಯುವುದು ಎಂಬಲ್ಲಿ ಅವಳ ಕೈ ನಿಂತಿತು. ಸುಮಾರು ಹೊತ್ತು ಯೋಚಿಸಿ, 'ಖಾಲಿ' ಎಂಬುದನ್ನು ಹೊಡೆದು 'ಗೊತ್ತಿಲ್ಲ' ಎಂದು ಬರೆದಳು.

ಬುಧವಾರ ಮಧ್ಯಾಹ್ನ ಅತ್ತೆಯನ್ನು ಕರೆತಂದು ಕೂರಿಸಿದಳು. ಪಕ್ಕದಲ್ಲಿ ತಂತಿಯಣ್ಣ ಒಂದು ಛತ್ರಿಯನ್ನೂ ಬಿಚ್ಚಿಟ್ಟ. ನಲವತ್ತು ಸೆಕೆಂಡಿಗೆ ಗೋಡೆಯ ತಳ ಬೆಳಗಿತು.

"ಇದ್ದೀನಿ, ಇದ್ದೀನಿ," ಎಂದರು ಅತ್ತೆ, ಕಿರುಬೆರಳು ಎತ್ತಿ. ಕಾಳುಗಳು ಅವರ ಹೆಗಲ ಮೇಲೇ ಉಳಿದವು. ಛತ್ರಿ ಎರಡು ಸಲ ಕೇಳಿದರೂ ಬಾಯಿ ಬಿಡಲಿಲ್ಲ.

ನಾಲ್ಕನೆಯ ಅಧ್ಯಾಯದ ಒಂದಕ್ಷರವನ್ನೂ ಅವಳು ತಿದ್ದಲಿಲ್ಲ. ಅದರ ನಂತರ ಹದಿನಾಲ್ಕು ಪುಟದ ಐದನೆಯ ಅಧ್ಯಾಯವೊಂದನ್ನು ಎರಡೇ ದಿನದಲ್ಲಿ ಬರೆದು ಸೇರಿಸಿದಳು. ಹೆಸರು 'ಕುರ್ಚಿ'. ನಾಲ್ಕನೆಯ ಅಧ್ಯಾಯ ಎಲ್ಲಿ ತಪ್ಪಿತು, ಯಾವ ದಿನ, ಯಾರ ನಗುವಿಗೆ ಅಂಜಿ ಯಾವ ಸಾಲು ಬರೆದದ್ದರಿಂದ ತಪ್ಪಿತು, ಎಲ್ಲ ಅದರಲ್ಲಿತ್ತು. ಶುಕ್ರವಾರ ಕಚೇರಿ ಮುಚ್ಚಲು ಇಪ್ಪತ್ತು ನಿಮಿಷವಿದ್ದಾಗ ಒಪ್ಪಿಸಿದಳು. ಮಾರ್ಗದರ್ಶಕಿ ಸಹಿ ಹಾಕುತ್ತಾ, "ನೀನಾಗೇ ಹೋಗಿ ತಲೆ ಕೊಡ್ತಿದ್ದೀಯ," ಎಂದಷ್ಟೇ ಹೇಳಿದರು.

ಮೌಖಿಕ ಪರೀಕ್ಷೆ ಆರು ವಾರದ ನಂತರ. ಹೊರಗಿನಿಂದ ಬಂದ ಪರೀಕ್ಷಕರು ವಯಸ್ಸಾದವರು, ಮಿತಭಾಷಿ. ಮೊದಲ ಪ್ರಶ್ನೆಯೇ ನೇರವಾಗಿತ್ತು: "ನಾಲ್ಕನೇ ಅಧ್ಯಾಯ ಒಂದು ಹೇಳುತ್ತೆ. ಅದು ಸುಳ್ಳು ಅಂತ ಐದನೇ ಅಧ್ಯಾಯ ಹೇಳುತ್ತೆ. ನಾನು ಯಾವುದಕ್ಕೆ ಪದವಿ ಕೊಡ್ಬೇಕು?"

"ಒಂದರಿಂದ ಇನ್ನೊಂದಕ್ಕೆ ಬಂದದ್ದಕ್ಕೆ, ಸರ್," ಎಂದಳು. ಅವರು "ಕೋಣೆ ತೋರ್ಸಿ," ಎಂದು ಎದ್ದರು.

ಕುರ್ಚಿಯಲ್ಲಿ ಕೂತು ಕೈಕಟ್ಟಿಕೊಂಡರು. ಕಾಳುಗಳು ಅವರ ಬೋಳುತಲೆಯ ಮೇಲೆ ಕೂಡಿದವು. ನಲವತ್ತು ಸೆಕೆಂಡಿಗೆ ಗೋಡೆ ಕೇಳಿತು. ಅವರು ಅಲುಗಲಿಲ್ಲ. ಇನ್ನೊಮ್ಮೆ ಕೇಳಿತು. ಕಲ್ಲಿನಂತೆ ಕೂತೇ ಇದ್ದರು. ಕಾಳು ಜಾರಿತು. ಬಾಗಿಲ ಬಳಿಯ ಪರದೆಯಲ್ಲಿ 'ಗೊತ್ತಿಲ್ಲ' ಎಂದು ಮೂಡಿತು.

"ನಾನು ಇಲ್ಲೇ ಇದ್ದೀನಿ. ನಿಮ್ಮ ಕಣ್ಣಿಗೆ ಕಾಣ್ತಿದ್ದೀನಿ. ಗೊತ್ತಿಲ್ಲ ಅಂದ್ರೆ?"

"ನೀವು ಉತ್ತರ ಕೊಡಲಿಲ್ಲ ಸರ್. ಕೊಡಲೇಬೇಕು ಅಂತ ಇಲ್ಲ. ಆದ್ರೆ ಕೊಡದವರನ್ನ ಇಲ್ಲ ಅಂತ ಬರೆಯೋದನ್ನ ನಾನು ಬಿಟ್ಟಿದ್ದೀನಿ."

ಪರೀಕ್ಷಕರು ಇನ್ನೂ ಸ್ವಲ್ಪ ಹೊತ್ತು ಕೂತಿದ್ದರು. ಅವಳು ಅಂದುಕೊಂಡದ್ದಕ್ಕಿಂತ ಜಾಸ್ತಿಯೇ. ಏಳುವಾಗ ಕುರ್ಚಿ ಟಕ್ ಎಂದಿತು. "ಇದು ಕುಂಟುತ್ತೆ," ಎಂದರು.

ಪದವಿಗೆ ಒಪ್ಪಿಗೆ ಸಿಕ್ಕಿತು, ಆದರೆ ಷರತ್ತಿನ ಮೇಲೆ. ಹೊಸ ನಿಯಮದೊಂದಿಗೆ ಕೋಣೆಯನ್ನು ಇನ್ನೂ ಮೂರು ತಿಂಗಳು ತೆರೆದಿಡಬೇಕು, ನಾಲ್ಕನೆಯ ಅಧ್ಯಾಯದ ಎಣಿಕೆಯನ್ನು ಮೊದಲಿಂದ ಮಾಡಬೇಕು.

ಮನೆಗೆ ಬಂದು ಹೇಳಿದಾಗ ಅತ್ತೆ ಒಣಗಿದ ಬಟ್ಟೆಯ ರಾಶಿಯ ಮುಂದೆ ಕೂತಿದ್ದರು.

"ಮೂರು ತಿಂಗಳಾ? ಒಳ್ಳೇದೇ ಆಯ್ತು ಬಿಡು. ಈ ಮೇಲಿನ ಮನೆಯವರ ಕೊರೆತ ತಪ್ಪುತ್ತೆ ನನಗೆ."

ಅವಳು ಅವರ ಮುಖ ನೋಡಿದಳು. ರಿಪೇರಿ ಕೆಲಸ ಮುಗಿಯಿತು, ತೊಂದರೆಗೆ ಕ್ಷಮಿಸಿ ಎಂದು ಮೇಲಿನ ಮನೆಯವರು ಮೆಟ್ಟಿಲ ಬಳಿ ಚೀಟಿ ಅಂಟಿಸಿ ಎರಡು ತಿಂಗಳಿಗೂ ಮೇಲಾಗಿತ್ತು. ಚೀಟಿಯ ಮೇಲಿನ ತಾರೀಕು ಅವಳಿಗೆ ಬಾಯಿಪಾಠವಿತ್ತು. ಇಪ್ಪತ್ತಾರು ರೆಕಾರ್ಡಿಂಗಿನಲ್ಲಿ ಹದಿನಾಲ್ಕು ಅದರ ನಂತರದವು.

"ಹೌದು ಅತ್ತೆ, ಭಾರಿ ಗಲಾಟೆ," ಎಂದಳು.

ಮೇಲಿನಿಂದ ಒಂದು ಚಮಚ ಬಿದ್ದ ಸದ್ದೂ ಇರಲಿಲ್ಲ. ಅವಳು ಕಪಾಟಿನ ಮೇಲಿದ್ದ ಹಳೆಯ ಚಪ್ಪಲಿ ಡಬ್ಬಿಯನ್ನು ಇಳಿಸಿ, ಅದರ ಮುಚ್ಚಳದಿಂದ ಕುರ್ಚಿಯ ಕಾಲಿಗೆ ಸರಿಹೊಂದುವಷ್ಟು ಒಂದು ಚೂರು ರಟ್ಟನ್ನು ಕತ್ತರಿಸತೊಡಗಿದಳು.