ಹುಲ್ಲುಬಾರೆಯ ಜೀಪಿನ ಕಲ್ಲು

ನಾನು ಒಂದು ಜೀಪು. ನನಗೆ ಸೆಲ್ಫ್ ಇಲ್ಲ. ಸೆಲ್ಫೇ ಇಲ್ಲದವನು ಆತ್ಮಕಥೆ ಹೇಳಲು ಹೊರಟಿದ್ದಾನಲ್ಲ ಎಂದು ನೀವು ನಗಬಹುದು. ನಗಿ. ಈ ಹುಲ್ಲುಹಾಸಿನ ಮೇಲೆ ನನಗೆ ಒರಗಿ ಫೋಟೊ ತೆಗೆಸಿಕೊಳ್ಳುವವರೆಲ್ಲ ನಗುತ್ತಲೇ ಇರುತ್ತಾರೆ. ಯಾರೂ ಮಾತಾಡಿಸುವುದಿಲ್ಲ, ಅಷ್ಟೆ.

ಹುಟ್ಟಿದ್ದು ದೂರದ ಒಂದು ಕಾರ್ಖಾನೆಯಲ್ಲಿ. ತಗಡು ಬಗ್ಗಿಸುವ ಯಂತ್ರ ದಢ್ ಎಂದಿತು, ನನಗೆ ಮುಖ ಬಂತು. ಇನ್ನೊಮ್ಮೆ ದಢ್ ಎಂದಿತು, ಬೆನ್ನು ಬಂತು. ಬಾಗಿಲು ಹಾಕುವುದನ್ನು ಮರೆತರೇನೋ ಎಂದು ಕಾದೆ. ನಮ್ಮ ಕುಲಕ್ಕೆ ಬಾಗಿಲೇ ಇಲ್ಲವಂತೆ. ಅದರ ಬದಲು ಎರಡು ಗೇರ್ ಕಡ್ಡಿ ಕೊಟ್ಟರು. ದೊಡ್ಡದು ರಸ್ತೆ ಇರುವ ಕಡೆಗೆ. ಚಿಕ್ಕದು ರಸ್ತೆ ಇಲ್ಲದ ಕಡೆಗೆ; ಅದನ್ನು ಎಳೆದರೆ ನಾಲ್ಕು ಚಕ್ರವೂ ಒಟ್ಟಿಗೆ ದುಡಿಯುತ್ತವೆ.

ಮೊದಲ ಹದಿನಾಲ್ಕು ವರ್ಷ ಒಂದು ಸರ್ಕಾರಿ ಕಚೇರಿಯ ಸೇವೆ. ಸಾಹೇಬರು ಬದಲಾಗುತ್ತಿದ್ದರು, ನಾನು ಬದಲಾಗುತ್ತಿರಲಿಲ್ಲ. ಕೆಳಗಿನಿಂದ ನೋಡುವ ನನಗೆ ಅವರೆಲ್ಲ ಬೂಟು ಮತ್ತು ಕೆಮ್ಮು. ಅವರಲ್ಲಿ ಒಬ್ಬರದು ‘ಖೊಕ್, ಖೊಕ್, ಹೂಂ’ ಎನ್ನುವ ಗತ್ತಿನ ಕೆಮ್ಮು. ಚಳಿಗಾಲದ ಬೆಳಿಗ್ಗೆ ನನ್ನ ಇಂಜಿನ್ನು ಅದನ್ನು ತದ್ವತ್ ಕೆಮ್ಮಿದಾಗ ಒಳಗೆ ಗುಮಾಸ್ತರು ಕುರ್ಚಿ ಬಿಟ್ಟು ಎದ್ದು ನಿಂತರಂತೆ. ನನ್ನ ಬದುಕಿನಲ್ಲಿ ನನಗೆ ಯಾರಾದರೂ ಎದ್ದು ನಿಂತದ್ದು ಅದೊಂದೇ ಸಲ.

ಆಮೇಲೆ ಹರಾಜು. ಹನೂರಿನ ಕಲಂದರ್ ನನ್ನನ್ನು ಕೊಂಡ. ಬಡಕಲು ಆಳು, ತಲೆಗೆ ಬಿಳಿ ಟೋಪಿ, ಬಾಯಿ ತುಂಬ ಎಲೆಅಡಿಕೆ. ಬೆಟ್ಟದ ಮೇಲಿನ ಸೋಲಿಗರ ಹಾಡಿಗಳಿಗೆ ಬಸ್ಸಿರಲಿಲ್ಲ, ರಸ್ತೆಯೂ ಇರಲಿಲ್ಲ. ವಾರಕ್ಕೆರಡು ಸಲ ನಾವಿಬ್ಬರು ಹತ್ತುತ್ತಿದ್ದೆವು. ರೇಷನ್ ಅಕ್ಕಿ, ಸೀಮೆಎಣ್ಣೆ, ಬಿಪಿ ಮಾತ್ರೆ, ಒಮ್ಮೆ ಹೊಲಿಗೆ ಯಂತ್ರ. ಇಳಿಯುವಾಗ ಜೇನು, ಸೀಗೆಕಾಯಿ, ಹದಿನೇಳು ಜನ.

ಎರಡನೇ ವರ್ಷ ಇಂಜಿನ್ನು ಎಬ್ಬಿಸುವ ಸೆಲ್ಫ್ ಸುಟ್ಟಿತು. ಅದರ ಹಿಂದೆಯೇ ಹ್ಯಾಂಡ್ ಬ್ರೇಕಿನ ತಂತಿ ಹರಿಯಿತು. ಕಲಂದರ್ ಎರಡನ್ನೂ ಸರಿಮಾಡಿಸಲಿಲ್ಲ. ‘ಇಳಿಜಾರು ಇರೋವಾಗ ಸೆಲ್ಫ್ ಯಾಕೆ?’ ಎಂದ. ಅಂದಿನಿಂದ ನನ್ನನ್ನು ಎಲ್ಲಿ ನಿಲ್ಲಿಸಿದರೂ ಮೂತಿ ಕೆಳಗೆ, ಮುಂಚಕ್ರಕ್ಕೆ ಅಡ್ಡ ಒಂದು ಕಲ್ಲು. ಹೊರಡುವಾಗ ಅವನು ಕ್ಲಚ್ ತುಳಿದು ಕೂರುತ್ತಾನೆ, ಯಾರೋ ಕಲ್ಲು ತೆಗೆಯುತ್ತಾರೆ, ನಾನು ಉರುಳುತ್ತೇನೆ, ಅವನು ಕ್ಲಚ್ ಬಿಡುತ್ತಾನೆ, ಇಂಜಿನ್ನು ಎದ್ದುಬಿಡುತ್ತದೆ. ಒಮ್ಮೆ ಹೊರಟರೆ ಕೆಳಗಿನ ಹಳ್ಳದವರೆಗೆ ನಿಲ್ಲುವಂತಿಲ್ಲ. ಹಾಗಾಗಿ ಕಲ್ಲು ತೆಗೆದವರು ಹಿಂದೆಯೇ ಉಳಿಯಬೇಕು.

ಕೊನೆಯ ಹಾಡಿ ಹುಲ್ಲುಬಾರೆಯಲ್ಲಿ ಹಾಗೆ ಉಳಿಯುತ್ತಿದ್ದವಳು ಕೇತಮ್ಮ. ನನಗೆಂದೇ ಒಂದು ಕಲ್ಲನ್ನು ಬಾಗಿಲ ಪಕ್ಕ ಇಟ್ಟುಕೊಂಡಿದ್ದಳು. ನನ್ನ ಸದ್ದು ಕೇಳಿದರೆ ಸಾಕು, ಅದನ್ನು ಮಗುವಿನಂತೆ ಸೊಂಟಕ್ಕೆ ಏರಿಸಿಕೊಂಡು ಬರುತ್ತಿದ್ದಳು. ಕಲಂದರ್ ಎಂಬ ಹೆಸರು ಅವಳ ಬಾಯಲ್ಲಿ ಕಲ್ಲಂದ್ರಪ್ಪ ಆಗಿತ್ತು.

ಒಮ್ಮೆ ಮದುವೆಗೆ ಹೊರಟ ವರ ಅವಸರಪಟ್ಟು ತಾನೇ ಕಲ್ಲೆಳೆದುಬಿಟ್ಟ. ಕಲಂದರ್ ಇನ್ನೂ ಹತ್ತಿರಲಿಲ್ಲ. ನಾನು ದಿಬ್ಬಣವನ್ನು ಹೊತ್ತು ಡ್ರೈವರಿಲ್ಲದೆ ಹೊರಟೆ, ಬಿದಿರು ಮೆಳೆ ತಡೆಯಿತು. ಎಡಗಡೆಯ ಮಡ್‌ಗಾರ್ಡು ಬೋಗುಣಿಯಂತೆ ತಗ್ಗಾಯಿತು. ಅಂದಿನಿಂದ ಕೇತಮ್ಮ ಕಲ್ಲನ್ನು ಯಾರ ಕೈಗೂ ಕೊಡಲಿಲ್ಲ.

‘ಅವ್ವಾ, ಒಂದ್ಸಲ ನೀನೂ ಹತ್ತು. ಹನೂರು ತೋರಿಸ್ತೀನಿ’ ಎಂದು ಕಲಂದರ್ ಪ್ರತಿ ಸಲ ಕರೆಯುತ್ತಿದ್ದ.

‘ನಾ ಹತ್ಕಂಡ್ರ ಕಲ್ಲ ತಗಿಯೋರ್ಯಾರು? ಹೋಗು ಹೋಗು, ಹನೂರೇನು ಓಡೋಗದಿಲ್ಲ.’

ಉರುಳುತ್ತ ಉರುಳುತ್ತ ಹಿಂದಕ್ಕೆ ನೋಡಲು ನನಗೊಂದು ಕನ್ನಡಿ ಇತ್ತು. ಅದರಲ್ಲಿ ಕಲ್ಲು ಹಿಡಿದ ಒಬ್ಬ ಹೆಂಗಸು ಸಣ್ಣದಾಗುತ್ತ ಹೋಗುತ್ತಿದ್ದಳು. ಇಪ್ಪತ್ತೆರಡು ವರ್ಷ. ಊರನ್ನೆಲ್ಲ ಬೆನ್ನ ಮೇಲೆ ಹೊತ್ತಿದ್ದೇನೆ, ನನಗೆ ದಾರಿ ಬಿಟ್ಟುಕೊಟ್ಟವಳನ್ನು ಒಂದು ಮಾರು ದೂರವೂ ಹೊತ್ತಿಲ್ಲ. ಒಂದು ಸಲ, ಒಂದೇ ಒಂದು ಸಲ ಇವಳನ್ನು ಕೂರಿಸಿಕೊಳ್ಳಬೇಕು ಎಂಬುದು ನನ್ನ ಆಸೆಯಾಯಿತು. ಜೀಪಿಗೆ ಎಂಥ ಆಸೆ ಎನ್ನಬೇಡಿ. ಹದಿನೇಳು ಜನ ಕೂತಾಗಲೂ ಅವಳ ಜಾಗ ನನಗೆ ಖಾಲಿಯೇ.

ಅಷ್ಟರಲ್ಲಿ ರಸ್ತೆ ಬಂತು. ಬರಲಿಕ್ಕೆ ಜಲ್ಲಿ ಹೊತ್ತವನೂ ನಾನೇ, ಟಾರಿನ ಪೀಪಾಯಿ ಹೊತ್ತವನೂ ನಾನೇ. ರಸ್ತೆಯ ಹಿಂದೆಯೇ ಬಿಳಿ ಪಿಕಪ್ ಬಂತು. ಬಾಗಿಲು ತೆರೆದರೆ ‘ಟಿಂಗ್ ಟಿಂಗ್’, ಬೆಲ್ಟು ಹಾಕದಿದ್ದರೆ ‘ಟಿಣಿಟಿಣಿಟಿಣಿ’. ಅನುಕರಿಸಲು ನೋಡಿದೆ, ಸೈಲೆನ್ಸರ್ ಕಳಚಿ ಬಿತ್ತು. ಪಿಕಪ್ಪು ಹುಲ್ಲುಬಾರೆಯ ಏರಿನಲ್ಲಿ, ಮೂತಿ ಮೇಲಕ್ಕೆ ಮಾಡಿಕೊಂಡು, ತಾನಾಗಿ ನಿಂತಿತು. ಕಲ್ಲು ತಂದ ಕೇತಮ್ಮನಿಗೆ ಅದರ ಡ್ರೈವರು, ‘ಇದ್ಕೆ ಏನೂ ಬೇಡ ಅಜ್ಜಿ’ ಎಂದ. ಅವಳು ಕಲ್ಲನ್ನು ಮತ್ತೆ ಸೊಂಟಕ್ಕೆ ಏರಿಸಿಕೊಂಡು ಒಳಗೆ ಹೋದಳು.

ಅದೇ ವರ್ಷ ಅವಳ ಎರಡೂ ಕಣ್ಣಿಗೆ ಪೊರೆ ಬಂತು. ಕೊಳ್ಳೇಗಾಲದಲ್ಲಿ ಕಣ್ಣಿನ ಆಪರೇಷನ್, ಸೋಮವಾರ.

‘ಪಿಕಪ್ಪಲ್ಲಿ ಹೋಗವ್ವ, ಮೆತ್ತಗೈತೆ’ ಎಂದ ಕಲಂದರ್.

‘ಹೋದ್ರ ನಮ್ಮ ಜೀಪಲ್ಲೇ. ಅಂಗನವಾಡಿ ಸುಶೀಲಂಗ ಕಲ್ಲು ಹೇಳ್ಕೊಡ್ತಿನಿ.’

ಎರಡು ವಾರ ಸುಶೀಲಾ ಟೀಚರಿಗೆ ಕಲ್ಲಿನ ಪಾಠ ನಡೆಯಿತು. ಯಾವಾಗ ಎಳೆಯಬೇಕು, ಎತ್ತ ಹಾರಬೇಕು. ಆ ಹದಿನೈದು ದಿನ ನಾನು ಎಣ್ಣೆ ಕುಡಿದದ್ದೂ ಕಮ್ಮಿ ಎಂದು ಕಲಂದರ್ ಬೆರಗಾದ.

ಸೋಮವಾರ ಬೆಳಿಗ್ಗೆ ಬೆಟ್ಟದ ಬುಡದ ತನಿಖಾ ಗೇಟಿನಲ್ಲಿ ನನ್ನನ್ನು ತಡೆದರು. ರಸ್ತೆಯಲ್ಲಿ ಓಡಲು ಪರವಾನಗಿ ಕೊಡುವ ನನ್ನ ಕಾಗದದ ಆಯುಸ್ಸು ಮುಗಿದಿತ್ತು.

‘ಸಾರ್, ಮೇಲೆ ನಮ್ಮವ್ವ ಕಾಯ್ತಾ ಐತೆ ಸಾರ್. ಇವತ್ತೊಂದಿನ.’

‘ನಿಮ್ಮವ್ವಾನಾ?’ ಎಂದು ಅಧಿಕಾರಿ ಅವನ ಟೋಪಿ ನೋಡಿದರು.

‘ಊಂ ಸಾರ್.’

ಅವರು ಒಳ್ಳೆಯವರೇ. ‘ದಾರೀಲಿ ಏನಾದ್ರೂ ಆದ್ರೆ ನಿಮ್ಮವ್ವನಿಗೇ ತೊಂದ್ರೆ ಅಲ್ವೇನಯ್ಯ? ಪಿಕಪ್ಪಿಗೆ ಫೋನ್ ಮಾಡು’ ಎಂದರು. ಕಲಂದರ್ ಜೇಬಿನಿಂದ ಫೋನ್ ತೆಗೆದ.

ಒಂದು ತಾಸಿನ ಮೇಲೆ ಬಿಳಿ ಪಿಕಪ್ ಕೆಳಗಿಳಿಯಿತು. ಕಲಂದರ್ ಓಡಿಹೋಗಿ ಹಿಂದೆ ಹತ್ತಿಕೊಂಡ. ಮುಂದಿನ ಸೀಟಿನಲ್ಲಿ ಕೇತಮ್ಮ. ತೊಡೆಯ ಮೇಲೆ ಕಲ್ಲು. ನನಗೆಂದು ಹಿಡಿದು ಕಾದಿದ್ದಳು, ಹಾಗೆಯೇ ಹತ್ತಿದ್ದಳು. ಮಂಜು ಕಣ್ಣಿಗೆ ನಾನು ಕಾಣಲಿಲ್ಲ. ಕೂಗೋಣವೆಂದರೆ ಹಾರ್ನಿಗೂ ಬ್ಯಾಟರಿ ಬೇಕು, ನನ್ನದು ಎಂದೋ ಸತ್ತಿತ್ತು. ನನ್ನ ಪಕ್ಕದಲ್ಲೇ ಹೋದಳು.

ಆಮೇಲೆ ಎಂಟು ತಿಂಗಳು ಗೇಟಿನ ಹಿಂದೆ ನಿಂತೆ. ಸ್ಟೀರಿಂಗಿನಲ್ಲಿ ಕಣಜ ಗೂಡು ಕಟ್ಟಿತು. ಜನ ಬಂದರೆ ನನ್ನ ಮರೆಗೆ ಒಂದಕ್ಕೆ ಕೂರಲು ಬರುತ್ತಿದ್ದರು. ಅದೂ ಒಂದು ಒಡನಾಟವೇ ಎಂದುಕೊಂಡೆ.

ಬೆಟ್ಟದ ಬುಡದಲ್ಲಿ ರಿಸಾರ್ಟು ಕಟ್ಟಿದ ಯತಿರಾಜು ನನ್ನನ್ನು ಕೊಂಡ. ಎದೆ ಬಿಚ್ಚಿ ಇಂಜಿನ್ನು ತೆಗೆದರು, ಆ ಜಾಗಕ್ಕೆ ಮಣ್ಣು ತುಂಬಿ ಟೇಬಲ್ ರೋಸ್ ನೆಟ್ಟರು. ಹಸಿರು ಹಳದಿ ಬಣ್ಣ ಬಳಿದು, ಕೊಂಚ ಓರೆಯಾದ ಈ ಹುಲ್ಲಿನ ಮೇಲೆ ನಿಲ್ಲಿಸಿ, ಚಕ್ರಕ್ಕೆ ಸಿಮೆಂಟಿನ ಇಟ್ಟಿಗೆ ಅಡ್ಡ ಕೊಟ್ಟರು. ನನ್ನ ಪಕ್ಕದಲ್ಲಿ ಅವನ ಎತ್ತರದ ಕರಿಯ ಕಾರು ನಿಲ್ಲುತ್ತದೆ. ಕೆಸರಿಗೆ ಒಂದು, ಮರಳಿಗೆ ಒಂದು, ಹಿಮಕ್ಕೆ ಒಂದು ಒತ್ತುವ ಗುಂಡಿ ಇದೆಯಂತೆ. ಹನೂರಿನಲ್ಲಿ ಹಿಮ! ಪಾಪ, ಅದನ್ನು ಟಾರಿನಿಂದ ಯಾರೂ ಇಳಿಸಿದ್ದೇ ಇಲ್ಲ. ಅದರ ಡ್ರೈವರ್ ಈಗ ಕಲಂದರ್. ಬೆಳಿಗ್ಗೆ ಅದನ್ನು ಒರೆಸಿದ ಮೇಲೆ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ನನ್ನ ಸ್ಟೀರಿಂಗನ್ನೂ ಒರೆಸುತ್ತಾನೆ.

ಹೋದ ತಿಂಗಳು ಒಂದು ಮಧ್ಯಾಹ್ನ ಕರಿಯ ಕಾರಿನಿಂದ ದಪ್ಪ ಕನ್ನಡಕದ ಒಬ್ಬ ಮುದುಕಿ ಇಳಿದಳು. ಎರಡನೇ ಕಣ್ಣಿನ ಆಪರೇಷನ್ನೂ ಮುಗಿದು, ಕೊಳ್ಳೇಗಾಲದಿಂದ ಬರುವ ದಾರಿ. ಬಗಲಲ್ಲಿ ಚೀಲ.

‘ಇದ್ಯಾರು ಮದ್ಲಿಂಗ?’ ಎಂದಳು, ಮದುವೆ ಗಂಡಿನಂಥ ನನ್ನ ಬಣ್ಣ ನೋಡಿ.

‘ನಮ್ಮ ಜೀಪು ಅವ್ವಾ.’

‘ಸುಳ್ಳ. ನಮ್ಮದು ಇಷ್ಟು ಚಂದಾಗಿರ್ನಿಲ್ಲ.’

ಕನ್ನಡಕ ತೆಗೆದು ಕಣ್ಣು ಮುಚ್ಚಿದಳು. ಕೈಯಾಡಿಸುತ್ತ ಬಂದಳು. ಎಡಗಡೆಯ ಮಡ್‌ಗಾರ್ಡಿನ ತಗ್ಗಿನಲ್ಲಿ ಅಂಗೈ ನಿಂತಿತು. ತುಂಬ ಹೊತ್ತು ಅಲ್ಲೇ ಇತ್ತು.

ಆಮೇಲೆ ಚೀಲದಿಂದ ಕಲ್ಲು ತೆಗೆದಳು.

‘ಆಸ್ಪತ್ರೆಗೂ ತಂದಿದ್ಯಾ?’

‘ಸಿಕ್ಕುದ್ರ ಕೊಡವ ಅಂತ. ಮನೇಲಿ ಸುಮ್ಗ ಕೂತದ, ಕೆಲ್ಸಿಲ್ದೆ.’

ಅವಳು ಕಲ್ಲು ಕೊಟ್ಟಳು, ಕಲಂದರ್ ಸಿಮೆಂಟಿನ ಇಟ್ಟಿಗೆಯನ್ನು ಆಚೆ ಎಸೆದ. ನಂತರ ಅವಳ ಮುಂದೆ ಬಂದು ನಿಂತ. ‘ಇವತ್ತು ಕಲ್ಲು ನಾನು ತೆಗೀತೀನಿ. ನೀನು ಹತ್ತು.’

ಕೇತಮ್ಮ ನಕ್ಕಳು. ಬೆಟ್ಟದ ಕಡೆ ನೋಡಿದಳು. ಸೀರೆ ಎತ್ತಿ ಕಟ್ಟಿ, ನನ್ನ ಪಾದಪಟ್ಟಿಯ ಮೇಲೆ ಒಂದು ಕಾಲಿಟ್ಟು, ಹತ್ತಿ ಕೂತಳು. ಹಕ್ಕಿಯಷ್ಟು ಭಾರ.

ಕಲಂದರ್ ಬಗ್ಗಿ ಕಲ್ಲೆಳೆದ. ಇಂಜಿನ್ನಿಲ್ಲದ ನಾನು, ಗಾಳಿ ಅರೆಬರೆ ಇಳಿದ ಚಕ್ರದ ಮೇಲೆ, ಕಿರ್ರೆಂದು ಒಂದು ಗೇಣು ಉರುಳಿ ಹೂವಿನ ಪಾತಿಗೆ ತಾಗಿ ನಿಂತೆ.

‘ಏಯ್ ಕಲಂದರ್, ನನ್ ಪಾತಿ!’ ಎಂದು ಯತಿರಾಜು ಜಗಲಿಯಿಂದ ಕಿರುಚಿದ.

‘ಹನೂರು ಬಂತಾ ಕಲ್ಲಂದ್ರಪ್ಪ?’

‘ಬಂತವ್ವಾ. ಇಳಿ.’

‘ಇರು, ಇನ್ನೊಸಿ ಕೂತಿರ್ತಿನಿ.’

ಇಳಿದು ಹೋದವರನ್ನೇ ನೋಡಿ ನನಗೆ ಅಭ್ಯಾಸ; ಊರು ಬಂದ ಮೇಲೂ ಕೂತವಳು ಅವಳೊಬ್ಬಳೇ. ಬಿಸಿಲು ಇಳಿಯುವವರೆಗೆ ಕೂತಿದ್ದಳು. ಆಮೇಲೆ ಕಲ್ಲನ್ನು ಚಕ್ರಕ್ಕೆ ತಾನೇ ಅಡ್ಡ ಇಟ್ಟು, ಕರಿಯ ಕಾರಿನಲ್ಲಿ ಬೆಟ್ಟ ಹತ್ತಿದಳು.

ಮತ್ತೆ ಬಂದಿಲ್ಲ. ಬೆಟ್ಟಕ್ಕೀಗ ಬಸ್ಸೂ ಇದೆ; ಕಿಟಕಿಯಲ್ಲಿ ಯಾರಿದ್ದಾರೋ ಇಲ್ಲಿಂದ ಕಾಣುವುದಿಲ್ಲ. ಫೋಟೊದವರು ಬರುತ್ತಾರೆ, ಒರಗುತ್ತಾರೆ, ಹೋಗುತ್ತಾರೆ. ನನ್ನನ್ನು ಹಿಂದಕ್ಕೆ ತಳ್ಳಿ ಎಂದು ಯತಿರಾಜು ಹೇಳುತ್ತಲೇ ಇದ್ದಾನೆ. ಕಲಂದರ್ ‘ಆಯ್ತು ಸಾರ್’ ಎನ್ನುತ್ತಾನೆ, ತಳ್ಳುವುದಿಲ್ಲ. ಅವರು ಇಟ್ಟ ಜಾಗಕ್ಕಿಂತ ನಾನು ಒಂದು ಗೇಣು ಮುಂದಿದ್ದೇನೆ.